ಭಾವ ಕಟ್ಟಿದ ಹದಿನೈದರ ಕೋಟೆ

ಇಡೀ ಸ್ವೀಡನ್ನಿನಲ್ಲಿ ನಮ್ಮ ಭಾವನಷ್ಟು ನಿರಪರಾಧಿ ಇನ್ನೊಬ್ಬರಿಲ್ಲ, ಅವರಷ್ಟು ತಪ್ಪಿತಸ್ಥರಂತೆ ಕಾಣುವವರೂ ಇಲ್ಲ! ಪೊಲೀಸ್ ಕಾರು ಕಂಡರೆ ಸಾಕು, ತಾವಾಗಿಯೇ ಬಸ್ಸಿನ ಟಿಕೆಟು ತೆಗೆದು ತೋರಿಸುತ್ತಾರೆ. ಅದೂ ಫುಟ್‌ಪಾತಿನಲ್ಲಿ ನಿಂತು! ಇಂಥ ಪುಕ್ಕಲು ಮನುಷ್ಯ ಟ್ರೋಲ್‌ಹೆಟ್ಟನ್ ಊರಿನಲ್ಲಿ ಸಂಶೋಧನೆ ಮಾಡುತ್ತಿರುವುದು ಯಾವುದರ ಮೇಲೆ ಗೊತ್ತೇ? ಪೊಲೀಸು, ಕೋರ್ಟು, ಜೈಲು! ಬ್ರಿಟನ್ನಿನಲ್ಲಿ ರಾಜಧಾನಿಯಿಂದ ಸಣ್ಣ ನಾಡುಗಳಿಗೆ ಅಧಿಕಾರ ಹಂಚಿಕೆಯಾದಾಗ ಅಲ್ಲಿನ ಶಿಕ್ಷೆಯ ನೀತಿ ಹೇಗೆ ಬದಲಾಗುತ್ತದೆ ಎಂಬುದು ಅವರ ವಿಷಯ.

ನನಗೆ ತಲೆಬುಡ ತಿಳಿಯಲಿಲ್ಲ ಎಂದಾಗ ಅಡುಗೆಮನೆಯತ್ತ ಕೈ ತೋರಿಸಿದರು.

"ನೋಡೋ, ಸ್ಕಾಟ್ಲೆಂಡ್ ಅಂದ್ರೆ ನಿಮ್ಮಕ್ಕ. ಕಾನೂನು, ಪೊಲೀಸು, ಜೈಲು, ಎಲ್ಲಾ ಅವಳದೇ. ವೇಲ್ಸ್ ಅಂದ್ರೆ ನಾನು. ನಂಗೂ ಒಂದು ಪಾರ್ಲಿಮೆಂಟ್ ಕೊಟ್ಟಿದಾರೆ, ಮಾತಾಡಬಹುದು. ಶಿಕ್ಷೆ ಮಾತ್ರ ಲಂಡನ್ನಿಂದ ಬರುತ್ತೆ."

"ಹಾಗಾದ್ರೆ ಲಂಡನ್ ಯಾರ್ರೀ?" ಎಂದಳು ಅಕ್ಕ.

"ಅದೂ ನೀನೇ ಕಣೇ."

ಎರಡು ವರ್ಷದ ಹಿಂದೆ ನಾವೆಲ್ಲ ಸ್ಕಾಟ್ಲೆಂಡಿನ ಎಡಿನ್‌ಬರೋದಿಂದ ಲಂಡನ್ನಿಗೆ ರೈಲಿನಲ್ಲಿ ಹೊರಟಿದ್ದೆವು. ಅಕ್ಕನ ಮಗಳು ಇಳಾಗೆ ಆಗ ಹನ್ನೊಂದು ವರ್ಷ. ಇಂಗ್ಲೆಂಡಿನ ಗಡಿ ದಾಟಿ ಐದು ನಿಮಿಷವಾಗುತ್ತಿದ್ದಂತೆ ಭಾವ ಬಿಳಿಚಿಕೊಂಡು ಎದ್ದು ನಿಂತರು.

"ಇಳಾ, ಸೀಟಿಂದ ಕಾಲು ತೆಗಿ! ಸ್ಕಾಟ್ಲೆಂಡಲ್ಲಿ ಹನ್ನೆರಡಾಗೋವರೆಗೂ ನೀನು ಅಪರಾಧಿ ಆಗೋಕೇ ಆಗಲ್ಲ. ಇಂಗ್ಲೆಂಡಲ್ಲಿ ಹತ್ತಕ್ಕೇ ಆಗಬಹುದು! ಐದು ನಿಮಿಷದಿಂದ ನೀನು ಕೇಸು ಬೀಳೋ ವಯಸ್ಸಿನೋಳು!"

"ಐ ಆಮ್ ಜಸ್ಟ್ ಈಟಿಂಗ್ ಚಿಪ್ಸ್, ಅಪ್ಪಾ."

"ಯಾರ ಚಿಪ್ಸು? ಬಿಲ್ ಎಲ್ಲಿ?"

ಚಿಪ್ಸೇ ಆಗಿತ್ತೇ? ಅಕ್ಕ ಚಕ್ಕುಲಿ ಎನ್ನುತ್ತಾಳೆ. ಒಮ್ಮೊಮ್ಮೆ ನನಗೂ ಚಕ್ಕುಲಿಯೇ ಕಾಣುತ್ತದೆ. ಭಾವ ಬಿಲ್ಲಿಗಾಗಿ ಚೀಲವೆಲ್ಲ ತಡಕಿದ್ದು ಮಾತ್ರ ಯಾರ ನೆನಪಿನಲ್ಲೂ ಬದಲಾಗಿಲ್ಲ. ಆ ಹೊತ್ತಿಗೆ ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು.

ಸ್ವೀಡನ್ನಿಗೆ ಮರಳಿದ ಮೇಲೆ ಅವರು ಉಸಿರು ಬಿಟ್ಟರು. ಇಲ್ಲಿ ಕೇಸು ಬೀಳುವ ವಯಸ್ಸು ಹದಿನೈದು! ಆ ವಯಸ್ಸನ್ನು ಇಳಿಸುವ ಮಾತು ಸ್ಟಾಕ್‌ಹೋಮಿನಲ್ಲಿ ಎದ್ದಾಗ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಫೀಕಾಗೆಂದು ಬಂದು ಕಾಫಿ ಕುಡಿಯುವವರಿಗೆಲ್ಲ ಒಂದೇ ಪಾಠ: "ನಮ್ಮ ಇಳಾಗೆ ಹದಿಮೂರು. ಇನ್ನೂ ಎರಡು ವರ್ಷ ಯಾರೂ ಏನೂ ಮಾಡೋ ಹಾಗಿಲ್ಲ." ಅದು ಅವರ ಕೋಟೆ.

ಹೋದ ಅಕ್ಟೋಬರಿನ ಒಂದು ಮಧ್ಯಾಹ್ನ. ನಾನಿರುವ ಶೋವ್ಡೆ ಊರಿನಿಂದ ಅವರ ಮನೆಗೆ ಬಂದಿದ್ದೆ. ಶಾಲೆಯಿಂದ ಬಂದ ಇಳಾ ಜಾಕೆಟ್ ಕೂಡ ತೆಗೆಯದೆ ಫೋನ್ ಹಿಡಿದು ಬಾಗಿಲಲ್ಲೇ ನಿಂತಳು.

"ಅಪ್ಪಾ, ಯಾರೋ ಮೆಸೇಜ್ ಮಾಡ್ತಿದಾರೆ."

ಮನೆಯಲ್ಲಿ ಇಂಗ್ಲಿಷು, ಸ್ವೀಡಿಷು ಬಿಟ್ಟು ಬೇರೆ ಆಡದ ಹುಡುಗಿ ಕನ್ನಡದಲ್ಲಿ ಹೇಳಿದಳು. ಅದನ್ನು ಕೇಳಿಯೇ ನಾನು ಎದ್ದು ನಿಂತೆ.

ಒಂದು ಬ್ಯಾಗನ್ನು ಗೋಥೆನ್‌ಬರ್ಗ್‌ಗೆ ರೈಲಿನಲ್ಲಿ ಒಯ್ದು ಕೊಡಬೇಕಂತೆ. ಬ್ಯಾಗಿನಲ್ಲಿ ಏನಿದೆ ಎಂದು ಕೇಳಬಾರದಂತೆ. ಕೆಳಗಿನ ಸಾಲನ್ನು ಇಳಾಳೇ ಓದಿ ಹೇಳಿದಳು: "ನಿಂಗೆ ಹದಿಮೂರು ಅಲ್ವಾ? ಹದಿನೈದರವರೆಗೂ ಯಾರೂ ಏನೂ ಮಾಡೋ ಹಾಗಿಲ್ಲ."

ಆಮೇಲೆ ಅಪ್ಪನ ಮುಖ ನೋಡಿದಳು. "ನೀನು ಹೇಳೋದನ್ನೇ ಹೇಳ್ತಿದಾರೆ."

ಭಾವ ಫೋನ್ ಇಸಿದುಕೊಂಡು ಆ ಸಾಲನ್ನು ಮತ್ತೆ ಓದಿದರು. ಅವರು ಕಟ್ಟಿದ್ದ ಕೋಟೆಯ ಹೆಬ್ಬಾಗಿಲಿನಿಂದಲೇ ಯಾರೋ ಒಳಗೆ ಬಂದಿದ್ದರು.

"ಬ್ಯಾಗ್ ಮುಟ್ಟಿದ್ಯಾ?"

"ಇಲ್ಲ. ಆದ್ರೆ ಅವರಿಗೆ ನಮ್ಮನೆ ಗೊತ್ತಂತೆ."

ಅಕ್ಕ ಕಿಟಕಿಯ ಪರದೆ ಎಳೆದಳು. ಭಾವ ಮಗಳ ಜಾಕೆಟ್ಟಿನ ಜಿಪ್ಪನ್ನು ಕತ್ತಿನವರೆಗೂ ಏರಿಸಿದರು. "ನಡಿ, ಪೊಲೀಸ್ ಸ್ಟೇಷನ್ನಿಗೆ ಹೋಗೋಣ," ಎಂದರು.

ಧೈರ್ಯಕ್ಕಿರಲಿ ಎಂದು ನಾನೂ ಹೋದೆ. ಯಾರ ಧೈರ್ಯಕ್ಕೋ! ದಾರಿಯುದ್ದಕ್ಕೂ ಎದುರಾದ ಪ್ರತಿಯೊಬ್ಬ ಹುಡುಗನನ್ನೂ ಅನುಮಾನದಿಂದ ನೋಡಿದೆ. ಕೌಂಟರಿನಲ್ಲಿದ್ದ ಪೊಲೀಸ್ ಹೆಂಗಸು ಮೊದಲು ಬಸ್ಸಿನ ಟಿಕೆಟು ಹಿಡಿದು ನಿಂತಿದ್ದ ಭಾವನನ್ನು, ಆಮೇಲೆ ಇಳಾಳನ್ನು ನೋಡಿ ಸ್ವೀಡಿಷಿನಲ್ಲಿ ಮೆಲ್ಲಗೆ ಕೇಳಿದಳು, "ನಿಮ್ಮ ಮಗಳು ಏನಾದರೂ ಮಾಡಿದ್ದಾಳೆಯೇ?"

ಸಮ್ಮೇಳನಗಳಲ್ಲಿ ಗಂಟೆಗಟ್ಟಲೆ ಮಾತನಾಡುವ ಭಾವನಿಗೆ ಸ್ವೀಡಿಷೂ ಬರಲಿಲ್ಲ, ಇಂಗ್ಲಿಷೂ ಬರಲಿಲ್ಲ. ಮಗಳ ತಲೆಯ ಮೇಲೆ ಕೈಯಿಟ್ಟು ಕನ್ನಡದಲ್ಲಿ ಹೇಳಿದರು:

"ಹೂಂ, ಮಾಡಿದಾಳೆ. ನನ್ನ ಹತ್ರ ಬಂದು ಹೇಳಿದಾಳೆ."

ಅದನ್ನು ಸ್ವೀಡಿಷಿನಲ್ಲಿ ಹೇಳಲು ಇಳಾ ಬಾಯಿ ತೆರೆದಳು. ಅವಳ ಬಾಯಿಗೂ ಕನ್ನಡವೇ ಬಂತು.