ವಾಸನೆ ನುಂಗಿದ ಕುಕ್ಕರ್

"ಈಗ ನೋಡಿ! ಎಲ್ಲರೂ ಮೂಗು ಹಿಡ್ಕೊಳ್ಳಿ... ಅಲ್ಲಲ್ಲ, ಬಿಡಿ, ಹಿಡ್ಕೊಂಡ್ರೆ ನಿಮಗೇನೂ ಗೊತ್ತಾಗಲ್ಲ!" ಎಂದು ಪಂಚಾಕ್ಷರಿ ಭಾವ ಕುಕ್ಕರಿನ ಮುಚ್ಚಳದ ಮೇಲೆ ಕೈಯಿಟ್ಟು ನಿಂತರು.

ಹೊನ್ನೇರಿಬೆಟ್ಟ ರಾಷ್ಟ್ರೀಯ ಉದ್ಯಾನದ ಕ್ಯಾಂಪ್ ಮೈದಾನ. ಬೆಳಗಿನ ಹತ್ತು ಗಂಟೆ. ಎದುರಿಗೆ ಬೆಟ್ಟ, ಹಿಂದೆ ಟೆಂಟು, ನಡುವೆ ಅನ್ನಕ್ಕೆಂದು ತಂದ ಐದು ಲೀಟರಿನ ಕುಕ್ಕರ್. ಅದರೊಳಗಿಂದ ಒಂದು ಫ್ಯಾನು, ಎರಡು ಕೊಳವೆ ಮತ್ತು ಕಾರಿನ ಬ್ಯಾಟರಿಯ ವೈರು ಇಣುಕಿದಾಗ ನಾನು ಮೆಲ್ಲಗೆ ಅಕ್ಕನ ಕಡೆ ನೋಡಿದೆ.

ಏಕೆಂದರೆ ಮಂದಾಕಿನಿ ಅಕ್ಕ ತುಮಕೂರು ಬಿಡುವ ಮೊದಲೇ ಷರತ್ತು ಹಾಕಿದ್ದಳು. "ಮೂರು ದಿನ ಯಂತ್ರ ಇರಬಾರದು, ಜಗಳ ಇರಬಾರದು. ಒಂದೇ ಒಂದು ಜಗಳ ಆದ್ರೂ ಬೋಂಡ, ಶಾವಿಗೇನ ಕರ್ಕೊಂಡು ಶಂಭು ಮನೆಗೆ ಹೋಗಿ ಇದ್ದುಬಿಡ್ತೀನಿ!"

ಶಂಭು ಎಂದರೆ ನಾನು, ಅವಳ ತಮ್ಮ. ರೈಲಿನಲ್ಲಿ ಟಿಕೆಟ್ ನೋಡುವ ಕೆಲಸದಿಂದ ನಿವೃತ್ತ, ಮದುವೆಯಾಗದವನು, ಬಿಳಿ ಪಂಚೆ ಉಡುವವನು. ಬೋಂಡ ದುಂಡಗಿನ ಬೀದಿನಾಯಿ, ಶಾವಿಗೆ ಮುಧೋಳ ತಳಿಯ ಉದ್ದನೆಯ ಹೆಣ್ಣುನಾಯಿ. ಎರಡರ ಕೂದಲೂ ಬಿಳಿ ಪಂಚೆಯನ್ನು ಹುಡುಕಿಕೊಂಡು ಬರುತ್ತವೆ. ಹಾಗಾಗಿ ಜಗಳವಾಗದಂತೆ ನೋಡಿಕೊಳ್ಳಲು ನಾನೇ ಸ್ವಯಂಪ್ರೇರಿತನಾಗಿ ಜೀಪು ಓಡಿಸಿಕೊಂಡು ಬಂದಿದ್ದೆ.

ಅಕ್ಕ ಕುಕ್ಕರನ್ನು ನೋಡಿದಳು. ಮೂಗಿನ ಹೊಳ್ಳೆ ಅರಳಿತು. ನಾನು ಕೆಮ್ಮಿದೆ. ಅವಳು ನಕ್ಕಳು! "ತುಂಬ ಚೆನ್ನಾಗಿದೆ ರೀ. ಇದೇನು ಅಂತ ತಿಳ್ಕೋಬಹುದಾ?"

"ಅವಶ್ಯವಾಗಿ, ಮಂದಾಕಿನಿಯವರೇ" ಎಂದರು ಭಾವ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವರು 'ಲೇ' ಬಿಟ್ಟು ಬೇರೆ ಕರೆದದ್ದನ್ನು ನಾನು ಕೇಳಿರಲಿಲ್ಲ. ನಾಯಿಗಳೂ ಕೇಳಿರಲಿಲ್ಲ. ಅವೆರಡೂ ಕಿವಿ ನಿಮಿರಿಸಿದವು.

ಭಾವ ಪಾಲಿಟೆಕ್ನಿಕ್ ಮೇಷ್ಟ್ರಾಗಿದ್ದವರು, ಪಾಠವೇ ಶುರು ಮಾಡಿದರು. "ಗೇಟಿನಲ್ಲಿ ಗಾರ್ಡ್ ಕೆಂಚಪ್ಪ ಏನಂದ? ಚಿರತೆಗೆ ನಾಯಿ ವಾಸನೆ ಅಂದ್ರೆ ಊಟದ ಬೆಲ್ಲು ಹೊಡ್ದಂಗೆ, ಸಂಜೆ ಐದಕ್ಕೆ ಮೊದಲು ಟೆಂಟಿಗೆ ಸೇರಿಸ್ಬಿಡಿ ಅಂದ. ನನ್ನ ಗಂಧಹಾರಿ ಮೂವತ್ತು ಅಡಿಯೊಳಗಿನ ವಾಸನೆನೆಲ್ಲ ಬೇರುಸಹಿತ ಎಳ್ಕೊಂಡು ಕುಕ್ಕರಲ್ಲಿ ತುಂಬುತ್ತೆ. ವಾಸನೆನೇ ಇಲ್ಲದ ನಾಯೀನ ಚಿರತೆ ಹುಡುಕೋದು ಹೆಂಗೆ?"

ಇಂಗಿನ ಡಬ್ಬಿ ತೆರೆದಿಟ್ಟು ಸ್ವಿಚ್ ಒತ್ತಿದರು. ಗುಂಯ್! ಡಬ್ಬಿ ಮೂಸಿದೆ. ಸುಣ್ಣದ ಪುಡಿ ಮೂಸಿದಂತಾಯಿತು. ನಿಜ ಹೇಳುತ್ತೇನೆ, ಒಂದು ಕ್ಷಣ ನನಗೂ ಭಾವನ ಮೇಲೆ ಗೌರವ ಬಂತು.

ಆ ಗೌರವ ಒಂದೂವರೆ ನಿಮಿಷ ಬಾಳಿತು.

ಅಕ್ಕ ಬೋಂಡನ ತಲೆ ಸವರಲು ಕೈ ಚಾಚಿದಳು. ಬೋಂಡ ಆ ಕೈ ಮೂಸಿದ. ಇನ್ನೊಮ್ಮೆ ಮೂಸಿದ. ಆಮೇಲೆ ಹಲ್ಲು ಕಿರಿದು ಗುರ್ರೆಂದ! ಒಂಬತ್ತು ವರ್ಷ ಅವಳ ಕೈಯಿಂದಲೇ ರಾಗಿಮುದ್ದೆ ತಿಂದ ನಾಯಿ!

"ಬೋಂಡಾ, ನಾನು ಕಣೋ, ಅಮ್ಮ!"

ಶಾವಿಗೆ ಭಾವನ ಬಳಿ ಹೋಗಿ ಮೂಸಿ, ಯಾರೋ ದಾರಿಹೋಕ ಎಂದುಕೊಂಡು ಹಿಂದೆ ಸರಿದಳು. ಬಳಿಕ ಎರಡೂ ನಾಯಿಗಳು ಒಂದನ್ನೊಂದು ಮೂಸಿ, ಪರಿಚಯವಿಲ್ಲದವರಂತೆ ಬೇರೆ ಬೇರೆ ಮರದಡಿ ಕುಳಿತವು. ನಾಯಿಗೆ ಮೂಗೇ ಆಧಾರ್ ಕಾರ್ಡು. ಭಾವ ನಮ್ಮೆಲ್ಲರ ಕಾರ್ಡನ್ನೂ ಕುಕ್ಕರಿಗೆ ಹಾಕಿದ್ದರು.

"ದಯವಿಟ್ಟು ಅದನ್ನು ಆರಿಸ್ತೀರಾ?" ಎಂದಳು ಅಕ್ಕ.

"ಆರಿಸೋದಾ?" ಭಾವ ತಲೆ ಕೆರೆದುಕೊಂಡರು. "ಹಾಕೋ ಸ್ವಿಚ್ಚಿನ ಮೇಲೇ ನನ್ನ ಪೂರ್ತಿ ಗಮನ ಇತ್ತು."

ವೈರು ಕಿತ್ತರು. ಗುಂಯ್! ಒಳಗೆ ಇನ್ನೊಂದು ಬ್ಯಾಟರಿ ಇತ್ತಂತೆ, ಮುನ್ನೆಚ್ಚರಿಕೆಗೆ! ಮುಚ್ಚಳವನ್ನು ಅಂಟು ಹಾಕಿ ಕೂರಿಸಿದ್ದರಂತೆ, ಅದೂ ಮುನ್ನೆಚ್ಚರಿಕೆಗೆ!

ಈ ಗಡಿಬಿಡಿಯಲ್ಲಿ ಒಲೆಯ ಮೇಲಿದ್ದ ಉಪ್ಪಿಟ್ಟು ಸೀದು ಇದ್ದಿಲಾಯಿತು. ಸೀದ ವಾಸನೆ ಬಂದರೆ ತಾನೇ ಗೊತ್ತಾಗುವುದು? ಪಕ್ಕದಲ್ಲಿ ಒಣಗಲು ಹಾಕಿದ್ದ ನನ್ನ ಪಂಚೆಗೂ ಕಿಡಿ ಹಾರಿ, ಅರ್ಧ ಪಂಚೆ ಸದ್ದಿಲ್ಲದೆ ಹೋಯಿತು. ಅಷ್ಟರಲ್ಲಿ ಕಾಡಿನಿಂದ ಒಂದು ಕಡವೆ ಬಂದು, ಮನುಷ್ಯರ ವಾಸನೆಯೇ ಇಲ್ಲದ್ದರಿಂದ ಭಾವನನ್ನು ಒಣಗಿದ ಮರದ ಬೊಡ್ಡೆ ಎಂದು ಬಗೆದು, ಅವರ ಬೆನ್ನಿಗೆ ಕೊಂಬು ಉಜ್ಜತೊಡಗಿತು.

"ಶಂಭೂ, ಹಿಂದೆ ಯಾರಪ್ಪಾ?" ಎಂದರು ಭಾವ, ಕುತ್ತಿಗೆ ಅಲ್ಲಾಡಿಸದೆ.

"ಹೇಳಿದ್ರೆ ಹೆದರ್ಕೋತೀರಿ ಭಾವ. ಸುಮ್ನೆ ನಿಂತ್ಕೊಳ್ಳಿ."

ಹೇಳದಿದ್ದರೂ ಅವರು ಹೆದರಿ ಕಿರುಚಿದರು. ಕಡವೆ ಬೆಚ್ಚಿ ಓಡಿತು. ಅದನ್ನು ನೋಡಿ ನಾಯಿಗಳೂ ಬೆಚ್ಚಿ, ಮೈದಾನದಂಚಿನ ಲಂಟಾನ ಪೊದೆಗೆ ನುಗ್ಗಿದವು. ಅದರಾಚೆ ಬರೀ ಕಾಡು.

ಕರೆದೆವು, ಬಿಸ್ಕತ್ತು ತೋರಿಸಿದೆವು. ಕರೆದಷ್ಟೂ ಒಳಗೆ ಸರಿದವು. ವಾಸನೆ ಹೋದರೂ ದನಿಯಾದರೂ ಉಂಟಲ್ಲ ಎಂದುಕೊಂಡರೆ, ಷರತ್ತಿನ ಪ್ರಕಾರ ಅಕ್ಕ "ಬಾರಪ್ಪ ಕಂದ, ದಯವಿಟ್ಟು" ಎನ್ನುತ್ತಿದ್ದಳು, ಭಾವ "ಬನ್ನಿ, ಬನ್ನಿ" ಎನ್ನುತ್ತಿದ್ದರು. ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ದನಿ ಅದು.

ಗಂಟೆ ನಾಲ್ಕೂವರೆಯಾಯಿತು. ಅಕ್ಕ ಹುಲ್ಲಿನ ಮೇಲೆ ಕುಸಿದು ಕುಳಿತಳು. "ನನ್ನ ಮಕ್ಕಳು ಕಣೋ ಶಂಭೂ. ಚಿರತೆ ಬರೋ ಹೊತ್ತಾಯ್ತು" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಭಾವ ಅವಳ ಪಕ್ಕ ಕುಳಿತು, "ಅವುಗಳ್ನ ಉಳಿಸಕ್ಕೇ ಮಾಡಿದ್ದು ನಾನು" ಎಂದರು. ಅವರ ಕಣ್ಣಲ್ಲೂ ನೀರು. ನನಗೆ ಪಂಚೆಯ ಚಿಂತೆ ಮರೆತೇಹೋಯಿತು. ಆಗಲೇ ತಲೆಯಲ್ಲಿ ಒಂದು ಯೋಚನೆ ಹೊಳೆಯಿತು.

"ಜಗಳ ಆಡಿ!" ಎಂದೆ.

"ಏನು?"

"ಜಗಳ ಆಡ್ರೀ! ನೀವಿಬ್ರೂ ಬೈದಾಡದೆ ಇರೋದನ್ನ ಆ ನಾಯಿಗಳು ಹುಟ್ಟಿದಾಗಿಂದ ಕಂಡಿಲ್ಲ!"

ಇಬ್ಬರೂ ಎದ್ದು ನಿಂತರು. ದುಃಖದಲ್ಲಿ ಜಗಳ ಬರುವುದು ಕಷ್ಟ. "ನೀವು ಸ್ವಲ್ಪ ಸರಿಯಿಲ್ಲ" ಎಂದಳು ಅಕ್ಕ. "ನೀನೂ ಅಷ್ಟೇ" ಎಂದರು ಭಾವ. ಪೊದೆ ಅಲ್ಲಾಡಲಿಲ್ಲ. ಕೊನೆಗೆ ನಾನೇ ಬೆಂಕಿ ಹಚ್ಚಿದೆ. "ಅಕ್ಕಾ, ಗೃಹಪ್ರವೇಶದ ದಿನ ಹಾಲು ಉಕ್ಕಿಸೋ ಪಾತ್ರೆ ಎಲ್ಲಿತ್ತು?"

ಅಕ್ಕ ನಿಧಾನವಾಗಿ ಭಾವನ ಕಡೆ ತಿರುಗಿದಳು. "ಮೋಟಾರಿಗೆ ಮುಚ್ಚಳ ಆಗಿತ್ತು! ನಮ್ಮಪ್ಪ ಕೊಟ್ಟ ಹಿತ್ತಾಳೆ ಪಾತ್ರೆಗೆ ನಾಲ್ಕು ತೂತು ಕೊರೆದಿದ್ರು ಈ ಮಹಾನುಭಾವ್ರು!"

"ನಾಲ್ಕಲ್ಲ ಲೇ, ಮೂರು! ನಿಮ್ಮಪ್ಪ ಕೊಟ್ಟಾಗ್ಲೇ ಒಂದಿತ್ತು!"

"ನಮ್ಮಪ್ಪನ ಸುದ್ದಿಗೆ ಬಂದ್ರೆ ನೋಡಿ! ತಲೆಯೊಳಗೆ ಬರೀ ಸ್ಕ್ರೂ, ಅದೂ ಲೂಸು!"

ಬೆಟ್ಟ ಪ್ರತಿಧ್ವನಿಸಿತು. ಲಂಟಾನದ ಮೇಲೆ ಎರಡು ಉದ್ದ ಕಿವಿ ಎದ್ದವು. ಬೋಂಡ ಉರುಳಿಕೊಂಡು ಓಡಿಬಂದು, ಮನೆಯಲ್ಲಿ ಮಾಡುವಂತೆಯೇ ಭಾವನ ಪಾದದ ಮೇಲೆ ಕುಳಿತ. ಶಾವಿಗೆ ಟೆಂಟಿನ ಬಳಿಗೆ ಓಡಿ, ಅಕ್ಕನ ಚಪ್ಪಲಿ ಕಚ್ಚಿ ತಂದು ಅವಳ ಮುಂದಿಟ್ಟಳು. ಜಗಳ ಜೋರಾದಾಗಲೆಲ್ಲ ಅಕ್ಕ ಚಪ್ಪಲಿ ಮೆಟ್ಟಿ ನಮ್ಮ ಮನೆಗೆ ಹೊರಡುತ್ತಾಳೆ ಎಂಬುದು ಶಾವಿಗೆಗೆ ಗೊತ್ತು. ಅಕ್ಕ ಅಳುತ್ತ, ನಗುತ್ತ, ಭಾವನನ್ನು ಬೈಯುತ್ತ ಎರಡನ್ನೂ ತಬ್ಬಿಕೊಂಡಳು.

"ಏನ್ ಸಾರ್ ಗಲಾಟೆ! ಇರೋ ಒಂದ್ ಚಿರತೆನೂ ಪಕ್ಕದ ಗುಡ್ಡಕ್ಕೆ ಓಡೋಯ್ತು!" ಎನ್ನುತ್ತ ಗಾರ್ಡ್ ಕೆಂಚಪ್ಪ ಬಂದು ಕುಕ್ಕರಿನ ಪಕ್ಕ ನಿಂತ. ಕುಕ್ಕರ್ ಒಂದು ಸೀಟಿ ಹೊಡೆಯಿತು. ಎರಡನೆಯದು. ಮೂರನೆಯದಕ್ಕೆ ಮುಚ್ಚಳ ಹಾರಿ, ಬೆಳಗಿನಿಂದ ತುಂಬಿದ್ದ ಅಷ್ಟೂ ವಾಸನೆ ಅವನ ಮೇಲೆ ಬಿತ್ತು. ಅಕ್ಕ, ಭಾವ, ನಾನು, ಇಂಗು, ಸೀದ ಉಪ್ಪಿಟ್ಟು, ಎರಡು ನಾಯಿ, ಎಲ್ಲ ಒಬ್ಬನೇ ಕೆಂಚಪ್ಪನಲ್ಲಿ!

ಬೋಂಡ, ಶಾವಿಗೆ ಒಮ್ಮೆ ಗಾಳಿ ಮೂಸಿ, ಅವನ ಮೇಲೆ ಹಾರಿ ಮುಖ ನೆಕ್ಕತೊಡಗಿದವು.

"ಬೈಯ್ರಿ ಭಾವ, ಬೈಯ್ರಿ! ನಿಲ್ಲಿಸ್ಬೇಡಿ!" ಎಂದು ಕೂಗಿದೆ.

ಅಂದೇ ಜೀಪು ಹತ್ತಿ ಹೊರಟೆವು, ತುಮಕೂರಿನವರೆಗೆ ಐದು ಗಂಟೆ ಅವರು ನಿಲ್ಲಿಸಲಿಲ್ಲ. ತುಟಿ ಒಣಗಿ ಸುಮ್ಮನಾದರೆ ಸಾಕು, ನಾಯಿಗಳು ಕೆಂಚಪ್ಪನ ದಿಕ್ಕಿಗೆ ತಿರುಗಿ ಊಳಿಡುತ್ತಿದ್ದವು. ಬೇರುಸಹಿತ ಕಿತ್ತ ವಾಸನೆ ಮತ್ತೆ ಚಿಗುರಲು ಆರು ತಿಂಗಳಾದರೂ ಬೇಕು ಎಂದು ಭಾವ ಲೆಕ್ಕ ಹಾಕಿದ್ದಾರೆ.

ಷರತ್ತು ಷರತ್ತೇ ಅಲ್ಲವೇ? ಅಕ್ಕ ನಾಯಿಗಳೊಂದಿಗೆ ನಮ್ಮ ಮನೆಗೆ ಬಂದಳು. ಅವಳೊಬ್ಬಳಿಗೇ ಜಗಳವಾಡಲು ಆಗುವುದಿಲ್ಲವೆಂದು ಭಾವನೂ ಹಿಂದೆಯೇ ಬಂದರು. ಈಗ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ರಾತ್ರಿ ಊಟವಾದ ಮೇಲೆ ಒಂದು, ಮಾತ್ರೆ ತೆಗೆದುಕೊಂಡಂತೆ ಜಗಳವಾಡುತ್ತಾರೆ. ನಾಯಿಗಳು ಬಾಲ ಅಲ್ಲಾಡಿಸುತ್ತ ಕೇಳುತ್ತವೆ.

ಈ ಮನೆಯಲ್ಲಿ ಯಾರೊಂದಿಗೂ ಜಗಳವಾಡದವನು ನಾನೊಬ್ಬನೇ. ಹಾಗಾಗಿ ಅವು ನನ್ನನ್ನು ಮಾತ್ರ ಬಾಗಿಲೊಳಗೆ ಬಿಡುತ್ತಿಲ್ಲ.