ಗಡಿಯಾರ ಓಡಿದ್ದು ಯಾರಿಂದ?

ನಮ್ಮ ಮನೆಯಲ್ಲಿ ಕೆಲಸ ಮಾಡುವವರಿಗೆ ಬರವಿಲ್ಲ. ಮಾಡಿದ್ದು ಯಾರು ಎಂದು ತೀರ್ಮಾನವಾಗುವುದು ಮಾತ್ರ ಗಂಟಲಿನ ಬಲದಿಂದ. ಆ ವಿಷಯದಲ್ಲಿ ನಾನು ಕಡುಬಡವಳು. ಒಂದು ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿ, ತಪ್ಪಿಲ್ಲವೆಂದು ಎರಡು ಸಲ ನೋಡಿ, ಬಾಯಿ ತೆರೆಯುವಷ್ಟರಲ್ಲಿ ಎಲ್ಲರೂ ಊಟ ಮುಗಿಸಿ ಕೈತೊಳೆಯಲು ಎದ್ದಿರುತ್ತಾರೆ.

ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟ ನಾನು, ಅಕ್ಕನ ಹಳೆಯ ಇಂಗ್ಲಿಷ್ ನಿಘಂಟನ್ನು ಮೊದಲ ಪುಟದಿಂದ ಓದುತ್ತಿದ್ದೇನೆ. ದಿನಕ್ಕೆ ಒಂದೇ ಪದ. (ವರ್ಷ ಕಳೆದರೂ ‘ಎ’ ಅಕ್ಷರ ದಾಟಿಲ್ಲ; ಅವಸರ ನನ್ನ ಸ್ವಭಾವವಲ್ಲ.) ಹಾಗೆ ಒಂದು ಮಂಗಳವಾರ ಸಿಕ್ಕಿದ್ದು ‘ಅಟ್ರಿಬ್ಯೂಟ್’. ಆದದ್ದಕ್ಕೆ ಇಂಥವರೇ ಕಾರಣ ಎಂದು ಹೇಳುವುದು. ಬಳಕೆ ಹೇಗೆಂದು, ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಅಕ್ಕನನ್ನು ಕೇಳಿದೆ.

“ಮೊದಲು ಆಗಿದ್ದನ್ನ ಹೇಳು, ನಡುವೆ ‘ಟು’ ಹಾಕು, ಆಮೇಲೆ ಕಾರಣ ಯಾರೋ ಅವರನ್ನ ಹಾಕು. ಈಗ ನೀನು ಇಷ್ಟಾದರೂ ಇಂಗ್ಲಿಷ್ ಕಲಿತಿದೀಯಲ್ಲ, ಅದನ್ನ ನನಗೆ ಅಟ್ರಿಬ್ಯೂಟ್ ಮಾಡಬಹುದು.”

“ಅದು ನಿಜ ಆಗಿರಲೇಬೇಕಾ, ಅಕ್ಕಾ?”

“ಬೇಕಿಲ್ಲ ಕಣೇ. ಯಾರೋ ಹಾಗಂದ್ಕೊಂಡರೆ ಸಾಕು.”

ನಮ್ಮ ಮನೆಗೆಂದೇ ಅಳತೆ ಕೊಟ್ಟು ಹೊಲಿಸಿದ ಪದ!

ಅಪ್ಪ ಗಡಿಯಾರ ರಿಪೇರಿ ಮಾಡುವವರು. ಊರಿನವರ ಗಡಿಯಾರಗಳನ್ನೆಲ್ಲ ಓಡಿಸುವ ಅಪ್ಪನ ಮನೆಯಲ್ಲಿ, ಲೋಲಕದ ಗೋಡೆ ಗಡಿಯಾರ ಮೂರು ವರ್ಷದಿಂದ ನಾಲ್ಕೂ ಹತ್ತಕ್ಕೇ ನಿಂತಿತ್ತು. ಅಂಗಡಿಯಲ್ಲಿ ಅವರ ಮೇಜಿನ ಪಕ್ಕ ಒಂದು ಸ್ಟೂಲು ಖಾಲಿಯಿದೆ. ಅದರ ಮೇಲೆ ಕೂತು ಕೆಲಸ ಮಾಡಬೇಕೆಂಬುದು ನನ್ನ ಜೀವನದ ಮಹದಾಸೆ. “ಒಂದು ಗಡಿಯಾರ ಓಡಿಸಿ ತೋರಿಸು, ಆಮೇಲೆ ಬಾ” ಎಂದಿದ್ದರು ಅಪ್ಪ.

ಅದೇ ಮಂಗಳವಾರ ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಗಡಿಯಾರ ಇಳಿಸಿದೆ. ಚಕ್ರಗಳ ಹಲ್ಲುಗಳನ್ನು ಒಂದೊಂದಾಗಿ ಒರೆಸಿದೆ. ಸೂಜಿಯ ತುದಿಯಲ್ಲಿ ಎಣ್ಣೆ ಮುಟ್ಟಿಸಿದೆ. ಲೋಲಕವನ್ನು ಕಳಚಿ, ತೊಳೆದು, ಮತ್ತೆ ಜೋಡಿಸಿದೆ. ಕೀಲಿ ಕೊಟ್ಟು, ಮುಳ್ಳುಗಳನ್ನು ಸರಿಯಾದ ಸಮಯಕ್ಕೆ ತಿರುಗಿಸಿದೆ. ಅದು ‘ಟಿಕ್’ ಎಂದಿತು. ಸ್ವಲ್ಪ ಯೋಚಿಸಿ (ನನ್ನ ಹಾಗೆಯೇ) ‘ಟಕ್’ ಎಂದಿತು!

ರಿಪೇರಿ ಮಾಡಿದ ಪ್ರತಿಯೊಂದು ಗಡಿಯಾರದ ಬೆನ್ನಿನ ಮುಚ್ಚಳದ ಒಳಗೆ ಅಪ್ಪ ಸೂಜಿಯಿಂದ ತಮ್ಮ ಹೆಸರು, ತಾರೀಖು ಕೊರೆಯುತ್ತಾರೆ; ಮುಂದೆ ಅದನ್ನು ತೆರೆದವರಿಗೆ ಯಾರ ಕೈಕೆಲಸವೆಂದು ತಿಳಿಯಲಿ ಎಂದು. ನಾನೂ ಕೊರೆದೆ: ‘ಕಿರಿಮಗಳಿಂದ ದುರಸ್ತಿ.’ ಒತ್ತು, ಕೊಂಬು ಒಂದೂ ತಪ್ಪಲಿಲ್ಲ. ಹೆಮ್ಮೆಯಿಂದ ಅರ್ಧ ಅಡಿ ಬೆಳೆದಿದ್ದೆ. ಗಡಿಯಾರವನ್ನು ಮೊಳೆಗೆ ಏರಿಸಲು ಕುರ್ಚಿಯೇ ಬೇಕಾಗಲಿಲ್ಲ.

ಸಂಜೆ ಮಹಾಸಭೆ ಸೇರಿತು.

“ಓಡ್ತಾ ಇದೆ!” ಎಂದರು ಅಪ್ಪ. “ಹೋದ ತಿಂಗಳು ಒಂದು ಏಟು ಕೊಟ್ಟಿದ್ದೆ. ಕೈಗುಣ ಅಂದರೆ ಇದು!”

“ಏಟಂತೆ ಏಟು! ನಿನ್ನೆ ಧೂಳು ಹೊಡೆದವಳು ನಾನು,” ಎಂದಳು ಅಮ್ಮ.

“ಸೊಟ್ಟಗಿತ್ತಮ್ಮಾ, ಬೆಳಿಗ್ಗೆ ನೇರ ಮಾಡಿದ್ದು ನಾನು,” ಎಂದಳು ಅಕ್ಕ.

ನಾನು ವಾಕ್ಯ ಜೋಡಿಸುತ್ತಿದ್ದೆ. “ಈ ಗಡಿಯಾರದ ಓಟವನ್ನು...” ಎನ್ನುವಷ್ಟರಲ್ಲಿ ತಟ್ಟೆಗಳ ಸದ್ದು ಶುರುವಾಯಿತು.

ಮರುದಿನದಿಂದ ಮೂವರೂ ಆ ಗಡಿಯಾರವನ್ನೇ ನೋಡತೊಡಗಿದರು. ತಾನೇ ಸರಿಮಾಡಿದ್ದೆಂಬ ಅಭಿಮಾನದಲ್ಲಿ ಅಕ್ಕ ಮೊಬೈಲಿನಲ್ಲಿ ಸಮಯ ನೋಡುವುದನ್ನೂ ಬಿಟ್ಟಳು. ಗಡಿಯಾರ ದಿನಕ್ಕೆ ಮೂರೇ ನಿಮಿಷ ಹಿಂದೆ ಬೀಳುತ್ತಿತ್ತು, ಯಾರಿಗೂ ತಿಳಿಯಲಿಲ್ಲ. ಎಂಟನೆಯ ದಿನ ಎಲ್ಲ ನಿಮಿಷಗಳೂ ಒಟ್ಟಿಗೆ ಬಂದು ಬಾಗಿಲು ಬಡಿದವು. ಅಕ್ಕ ತರಗತಿಗೆ ಹೋದಾಗ ಅವಳಿಗಿಂತ ಮೊದಲೇ ಶಾಲಾ ಇನ್ಸ್‌ಪೆಕ್ಟರು ಬಂದು ಕೂತಿದ್ದರು. ಅಮ್ಮ ನಲ್ಲಿ ತಿರುಗಿಸಿದಾಗ ನೀರು ಬಂದು ಹೋಗಿಯೂ ಆಗಿತ್ತು. ಅಪ್ಪ ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ಕಾದು ನಿಂತಿದ್ದ ಗಿರಾಕಿ ಎದುರಿನ ಅಂಗಡಿ ಸೇರಿದ್ದ.

“ಇದೆಲ್ಲಾ ನಿಮ್ಮ ಏಟಿನ ಫಲ!” ಎಂದಳು ಅಮ್ಮ.

“ನಾನು ಮುಟ್ಟೇ ಇಲ್ಲ ಕಣೇ. ಧೂಳು ಹೊಡೆದವಳು ನೀನು.”

“ಯಾವ ಧೂಳು? ಬಟ್ಟೆ ಸಹ ತಾಗಿಸಿಲ್ಲ. ನೇರ ಮಾಡಿದವಳನ್ನ ಕೇಳಿ.”

“ನಾನು ದೂರದಿಂದ ನೋಡಿದ್ದು ಅಷ್ಟೆ!”

ಅಪ್ಪ ಗಡಿಯಾರ ಇಳಿಸಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಮುಚ್ಚಳ ತೆರೆದರು. “ಕಿ-ರಿ-ಮ-ಗ-ಳಿಂ-ದ...” ಎಂದು ಓದಿದರು. ಮೂರು ಮುಖಗಳೂ ನನ್ನತ್ತ ತಿರುಗಿದವು. ಅಟ್ರಿಬ್ಯೂಟ್ ಪದ ಇಷ್ಟು ಒಗ್ಗಟ್ಟಿನಿಂದ ನಮ್ಮಲ್ಲಿ ಎಂದೂ ಬಳಕೆಯಾಗಿರಲಿಲ್ಲ. ಇನ್ಸ್‌ಪೆಕ್ಟರು, ಖಾಲಿ ಕೊಡ, ಓಡಿಹೋದ ಗಿರಾಕಿ, ಎಲ್ಲವೂ ನನಗೇ.

“ಲೋಲಕದ ತಿರುಪು ಕೆಳಗಿಳಿದಿದೆ. ಅದಕ್ಕೇ ಸೋಮಾರಿ ಆಗಿರೋದು,” ಎಂದು ಅಪ್ಪ ಅದನ್ನು ಮೇಲೇರಿಸಿದರು. “ಅದಿರಲಿ, ಓಡಿಸಿದ್ದು ನೀನೇನಾ?”

“ನಾನೇ,” ಎಂದೆ. ವಾಕ್ಯ ಜೋಡಿಸದೆ ಆಡಿದ ಮೊದಲ ಮಾತು ಅದು.

ಅಪ್ಪ ಅಕ್ಷರಗಳ ಮೇಲೆ ಬೆರಳಾಡಿಸಿದರು. “ಎಷ್ಟು ಅಚ್ಚುಕಟ್ಟಾಗಿ ಕೊರೆದಿದೀಯಮ್ಮಾ! ನನ್ನ ಕೈ ಈಚೆಗೆ ನಡುಗುತ್ತೆ. ನಾಳೆಯಿಂದ ಅಂಗಡಿಗೆ ಬಾ.”

ಈಗ ಆ ಸ್ಟೂಲು ನನ್ನದು. ಅಪ್ಪ ರಿಪೇರಿ ಮಾಡುತ್ತಾರೆ. ನಾನು ಮುಚ್ಚಳದೊಳಗೆ ಅವರ ಹೆಸರು ಕೊರೆಯುತ್ತೇನೆ. ನಿನ್ನೆ ಒಂದು ಟೈಂಪೀಸನ್ನು ಪೂರ್ತಿ ನಾನೇ ಓಡಿಸಿದೆ, ತಿರುಪುಗಳನ್ನೆಲ್ಲ ಮೂರು ಸಲ ನೋಡಿ. “ಇದಕ್ಕೆ ಯಾರ ಹೆಸರು, ಅಪ್ಪಾ?” ಎಂದೆ.

“ಬೋರ್ಡಿನ ಮೇಲೆ ಯಾರದಿದೆಯೋ ಅವರದ್ದು.”

ಅದನ್ನೇ ಕೊರೆದೆ, ಬಳ್ಳಿ ಬಿಡಿಸಿದ ಹಾಗೆ. ಗಿರಾಕಿ ಮುಚ್ಚಳ ತಿರುಗಿಸಿ ನೋಡಿ, “ಆಹಾ! ಎಂಥಾ ಅಕ್ಷರ!” ಎಂದರು.

ನಾನು ವಾಕ್ಯ ಜೋಡಿಸತೊಡಗಿದೆ.

“ಎಲ್ಲಾ ಕೈಗುಣ ಸ್ವಾಮಿ,” ಎಂದರು ಅಪ್ಪ.