ಮರುಳಪ್ಪ ಮೇಷ್ಟ್ರ ಳಕಾರ ಸಮರ

ಕಿವಿ ನಿಮಿರಿಸಿ ಕೇಳಿರಿ, ಮಹಾಜನಗಳೇ! ಕೃತ ತ್ರೇತಾ ದ್ವಾಪರಗಳು ಸಂದು, ಬಳಪ ಹಿಡಿಯಬೇಕಾದ ಎಳೆಬೆರಳುಗಳು ಗುಂಡಿ ಒತ್ತುವ ಈ ಕಲಿಯುಗದಲ್ಲಿ, ತಿಪಟೂರೆಂಬ ಪಟ್ಟಣದಲ್ಲಿ, ವ್ಯಾಕರಣವಾರಿಧಿಮಂದರ, ಅಪಶಬ್ದಾರಣ್ಯದಾವಾನಲ, ಕೆಂಪು ಶಾಯಿಯ ಲೇಖನಿಯನ್ನೇ ಖಡ್ಗವಾಗಿ ಹಿಡಿದ ನಿವೃತ್ತ ಕನ್ನಡ ಪಂಡಿತ ಮರುಳಪ್ಪ ಮೇಷ್ಟ್ರು ನಡುಮನೆಯ ಬೆತ್ತದ ಕುರ್ಚಿಯೆಂಬ ಸಿಂಹಾಸನವನ್ನು ಅಲಂಕರಿಸಿದ್ದರು. ಊರಿನ ಅರ್ಧ ನಾಲಿಗೆಗಳನ್ನು ತಿದ್ದಿದ ಆ ಮಹಾಶಯರ ನಾಲಿಗೆ ಜೀವಮಾನದಲ್ಲಿ ಒಮ್ಮೆಯೂ ಜಾರಿದ್ದಿಲ್ಲ.

ಅಂಥವರ ಮನೆಗೆ ಶತ್ರುವು ಉಡುಗೊರೆಯ ವೇಷದಲ್ಲಿ ನುಗ್ಗಿತು. ನಾಲ್ಕು ವರ್ಷದ ಮೊಮ್ಮಗಳು ಇಳಾಳಿಗೆ ಅವಳ ಸೋದರಮಾವ ತಂದುಕೊಟ್ಟ ಕಲಿಕೆಯ ವಿಡಿಯೊ ಗೇಮ್ ಅದು: ಹರಿತವರ್ಣಶೋಭಿತ, ಶುಕಮುಖ, ಬ್ಯಾಟರಿಚತುಷ್ಟಯಗರ್ಭಿತ! ಪರದೆಯ ಮೇಲೆ ಚಿತ್ರ ತೋರಿಸುವುದು, ಹೆಸರು ಕೇಳುವುದು, ಸರಿಯಾದರೆ ನಕ್ಷತ್ರ ಕೊಡುವುದು, ತಪ್ಪಾದರೆ ಕೊಟ್ಟದ್ದನ್ನು ಕಿತ್ತುಕೊಳ್ಳುವುದು ಅದರ ರಾಜನೀತಿ. ಆದರೆ ಅದಕ್ಕೆ ಕನ್ನಡ ಕಲಿಸಿದ ಪುಣ್ಯಾತ್ಮ ಯಾವ ನಾಡಿನವನೋ, ಳಕಾರವನ್ನು ಕಲಿಸಲು ಮರೆತಿದ್ದ.

“ನಾನು ಗಿಲಿಮರಿ! ಬಾ, ಆಡೋಣ!” ಎನ್ನುತ್ತಿತ್ತು ಆ ಯಂತ್ರ.

ವಾರ ಕಳೆಯುವುದರೊಳಗೆ ಮಗು “ನನ್ನ ಹೆಸರು ಇಲಾ” ಎಂದಿತು. ಮೇಷ್ಟ್ರು ಹಲ್ಲು ಕಚ್ಚಿ ಸಹಿಸಿದರು. ಮರುದಿನ ಬೀಗರ ಎದುರಿಗೇ ತೊಡೆಯೇರಿ, “ತಾತಾ, ಒಂದು ಕಥೆ ಹೇಲು” ಎಂದಿತು. ಆ ಶಬ್ದದ ಅರ್ಥವನ್ನು ಕವಿಯು ಇಲ್ಲಿ ವಿವರಿಸನು. ಬೀಗರು ಕಾಫಿಯ ಲೋಟವನ್ನು ಕೆಳಗಿಟ್ಟರೆಂದಷ್ಟೇ ಹೇಳಬಲ್ಲನು.

ಅವರು ಹೊಸ್ತಿಲು ದಾಟಿದ್ದೇ ತಡ, ಮೇಷ್ಟ್ರು ಹೆಗಲ ಟವಲನ್ನು ಸೊಂಟಕ್ಕೆ ಬಿಗಿದು, ಯಂತ್ರದ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತು ಗರ್ಜಿಸಿದರು:

“ಎಲವೋ ಶುಕಾಧಮ! ರಳ, ಕುಳ, ಕ್ಷಳವೆಂದು ಮೂರು ಬಗೆಯ ಳಕಾರಗಳಿಂದ ಮೆರೆದ ನುಡಿಯಿದು. ಎರಡನ್ನು ಕಾಲ ನುಂಗಿತು. ಉಳಿದ ಒಂದನ್ನು ನೀನು ನುಂಗುವೆಯಾ? ಈ ಮರುಳಪ್ಪನ ಕೊರಳಲ್ಲಿ ಉಸಿರಿರುವ ತನಕ ಅದು ಸಾಗದು!”

ಪರದೆಯ ಮೇಲೆ ಹಣ್ಣೊಂದು ಮೂಡಿತು. “ಇದೇನು? ಹೇಲು, ಹೇಲು!”

“ರೀ, ಊಟದ ಹೊತ್ತಲ್ಲಿ ಎಂಥಾ ಮಾತ್ರೀ ಅದು!” ಎಂದು ಪತ್ನಿ ಶಿವನಂಜಮ್ಮ ಅಡುಗೆಮನೆಯಿಂದ ಕೂಗಿದರು.

“ಬಾಳೆಹಣ್ಣು!” ಎಂದರು ಮೇಷ್ಟ್ರು.

“ಟೊಂಯ್! ತಪ್ಪು!” ಒಂದು ನಕ್ಷತ್ರ ಆರಿತು.

ನಾಲಿಗೆಯ ತುದಿಯನ್ನು ಅಂಗುಳಕ್ಕೆ ಮಡಚಿ, ಬಿಲ್ಲಿಗೆ ಹೆದೆಯೇರಿಸಿದಂತೆ ಬಿಗಿದು, “ಬಾ... ಳೆ!” ಎಂದು ಬಿಟ್ಟರು. ಟೊಂಯ್! ಪ್ರಳಯಕಾಲದ ಮೇಘದಂತೆ ಗುಡುಗಿದರು. ಸಜ್ಜದ ಮೇಲಿನ ಬೆಕ್ಕು ಹಾರಿ ಓಡಿತು. ಟೊಂಯ್! ಟೊಂಯ್!

ಇಳಾ ಭೋರೆಂದು ಅತ್ತಳು. “ತಾತಾ, ನನ್ನ ನಕ್ಷತ್ರ! ಒಂದೇ ಉಲಿದಿದೆ! ಅದೂ ಹೋದ್ರೆ ಆನೆ ಕುಣಿಯಲ್ಲ!”

ಒಂದಾದರೂ ನಕ್ಷತ್ರ ಉಳಿಸಿಕೊಂಡು ಈ ಕೊನೆಯ ಚಿತ್ರವನ್ನು ದಾಟಿದರೆ ಆನೆ ಕುಣಿಯುವುದೆಂದೂ, ಅದಕ್ಕಾಗಿಯೇ ಆ ಕೂಸು ಇಷ್ಟು ದಿನ ನಕ್ಷತ್ರ ಕೂಡಿಹಾಕಿತ್ತೆಂದೂ ಮಹಾರಥಿಗೆ ಆಗಷ್ಟೇ ಅರಿವಾಯಿತು. “ನೀನೇ ಹೇಳವ್ವಾ, ಅಳಬೇಡ” ಎಂದು ಯಂತ್ರವನ್ನು ಅವಳ ಬಾಯ ಬಳಿ ಹಿಡಿದರು. ಬಿಕ್ಕಳಿಕೆಯಲ್ಲಿ ಅವಳಿಗೆ ಮಾತೇ ಹೊರಡದು. “ಬೇಗ! ಬೇಗ!” ಎಂದು ಶತ್ರು ಕೊನೆಯ ನಕ್ಷತ್ರವನ್ನು ಮಿಣುಕಿಸುತ್ತಿತ್ತು.

ಒಂದೆಡೆ ಸಾವಿರಾರು ವರ್ಷಗಳ ನುಡಿ. ಇನ್ನೊಂದೆಡೆ ಮೂಗು ಸೋರುತ್ತಿದ್ದ ಪುಟ್ಟ ಮುಖ. ಮೇಷ್ಟ್ರು ಅಡುಗೆಮನೆಯ ಬಾಗಿಲತ್ತ ಕಳ್ಳನಂತೆ ನೋಡಿ, ಬಾಗಿ, ಯಂತ್ರದ ಕಿವಿಯಲ್ಲಿ ಪಿಸುಗುಟ್ಟಿದರು:

“ಬಾಲೆಹಣ್ಣು.”

“ಶಭಾಷ್! ನೀನು ಜಾಣಮರಿ!”

ತುತ್ತೂರಿ ಮೊಳಗಿತು. ಅಂಗೈಯಗಲದ ಪರದೆಯ ಮೇಲೆ ಆನೆ ಬಂದಿತು, ಒಂದು ಸಲ ಸೊಂಡಿಲು ಅಲ್ಲಾಡಿಸಿತು, ಹೋಯಿತು.

ಇಳಾ ಕಣ್ಣೊರೆಸಿಕೊಂಡು ಖಾಲಿ ಪರದೆಯನ್ನು ನೋಡಿದಳು. “ಇಷ್ಟೇನಾ?”

“ಇಷ್ಟೇ ಕಣವ್ವಾ,” ಎಂದ ಆ ದಿಗ್ವಿಜಯಿ, ಜೋಮು ಹಿಡಿದ ಕಾಲುಗಳನ್ನು ಬಿಡಿಸಲಾರದೆ ನರಳಿದರು. “ಸ್ವಲ್ಪ ಕೈ ಕೊಡು, ಏಳ್ಬೇಕು.”